ಪ್ಲಾನ್ ನೋಡಿ ಆರ್‌ಸಿ ವಿಮಾನ ಕಟ್ಟುವುದು, ಎಂಜಿನ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾನ್ (ಪೂರ್ತಿ ಅಳತೆಯ ನಕ್ಷೆ) ನೋಡಿ ಆರ್‌ಸಿ ವಿಮಾನ, ಅಂದರೆ ರೇಡಿಯೊ ಮೂಲಕ ನಡೆಸುವ ಮಾಡೆಲ್ ವಿಮಾನ ಕಟ್ಟುವ ಬಗ್ಗೆ ಮೈದಾನದಲ್ಲಿ ಮಾತಿಗೆ ಸಿಕ್ಕವರು, ಪತ್ರ ಬರೆದವರು, ಫೋನ್ ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ಒಂದೆರಡು ಮಾಡೆಲ್ ಕಟ್ಟಿದವರು ನೇರವಾಗಿ ಎಂಜಿನ್ ಭಾಗಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

ರೆಡಿ ಮಾಡೆಲ್ ಸಿಗುತ್ತಲ್ಲ, ಪ್ಲಾನ್ ಇಟ್ಕೊಂಡು ಯಾಕೆ ಕಷ್ಟಪಡಬೇಕು?

ಹಾರಿಸಲು ಕಲಿಯುವುದಷ್ಟೇ ನಿಮ್ಮ ಗುರಿಯಾದರೆ ರೆಡಿ ಫೋಮ್ ಟ್ರೈನರ್ ಸಾಕು, ಅದರಲ್ಲಿ ತಪ್ಪೇನಿಲ್ಲ. ಆದರೆ ನೀವೇ ಕಟ್ಟಿದ ವಿಮಾನದ ಒಳಗೆ ಏನಿದೆ ಅನ್ನುವುದು ನಿಮಗೆ ಗೊತ್ತಿರುತ್ತದೆ. ರೆಕ್ಕೆ ಮುರಿದರೆ ಅದೇ ಪ್ಲಾನ್ ಹಾಸಿ, ಎರಡು ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ) ಹೊಸದಾಗಿ ಕತ್ತರಿಸಿ, ಮುಂದಿನ ಭಾನುವಾರಕ್ಕೆ ಮತ್ತೆ ಹಾರಿಸುತ್ತೀರಿ. ಈ ಹವ್ಯಾಸದ ಬೇರು ಕೂಡ ಇಲ್ಲೇ ಇದೆ. 1937ರಲ್ಲಿ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ರೇಡಿಯೊ ಮೂಲಕ ಹಾರಿಸಿದ 'ಗಫ್' ವಿಮಾನವೂ ಅದರ ರೇಡಿಯೊವೂ ಅವರ ಕೈಯಲ್ಲೇ ತಯಾರಾದದ್ದು. ಆ ಮಾಡೆಲ್ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ.

ನನಗೆ ಸ್ಪಿಟ್‌ಫೈರ್ ತುಂಬಾ ಇಷ್ಟ. ಮೊದಲ ಪ್ಲಾನ್ ಅದೇ ತಗೊಳ್ಳಲಾ?

ದಯವಿಟ್ಟು ಬೇಡ. ಎರಡನೇ ಮಹಾಯುದ್ಧದ ಆ ಯುದ್ಧವಿಮಾನದ ರೆಕ್ಕೆ ತುದಿಗೆ ಹೋದಂತೆ ಕಿರಿದಾಗುತ್ತದೆ, ಒಂದೊಂದು ರಿಬ್‌ಗೂ ಒಂದೊಂದು ಅಳತೆ. ಲ್ಯಾಂಡಿಂಗ್ ಗೇರ್ ಕಾಲುಗಳ ನಡುವೆ ಅಂತರ ಕಡಿಮೆ. ಕಟ್ಟುವುದೂ ಕಷ್ಟ, ಇಳಿಸುವುದೂ ಕಷ್ಟ. ಮೊದಲ ಪ್ಲಾನ್‌ಗೆ ಮೇಲ್ಭಾಗದಲ್ಲಿ ರೆಕ್ಕೆ ಇರಬೇಕು. ಬುಡದಿಂದ ತುದಿಯವರೆಗೆ ರೆಕ್ಕೆಯ ಅಗಲ ಒಂದೇ ಇರಬೇಕು. ದೇಹ ಸಾದಾ ಪೆಟ್ಟಿಗೆ ಆಕಾರದಲ್ಲಿರಬೇಕು. ಸಿಗ್ ಕ್ಯಾಡೆಟ್, ಟೆಲಿಮಾಸ್ಟರ್ ಥರದವು ದಶಕಗಳಿಂದ ಜನರಿಗೆ ಹಾರಲು ಕಲಿಸಿವೆ. ರೆಕ್ಕೆ ಒಂದೂವರೆ ಮೀಟರ್ ಆಸುಪಾಸು ಇರಲಿ. ತೀರಾ ಚಿಕ್ಕದು ಗಾಳಿಗೆ ಅಲ್ಲಾಡುತ್ತದೆ, ದೂರಕ್ಕೆ ಹೋದರೆ ಕಣ್ಣಿಗೂ ಕಾಣಲ್ಲ. ಎರಡನೆಯದಾಗಿ ಅಗ್ಲಿ ಸ್ಟಿಕ್ ಅನ್ನುವ ಮಾಡೆಲ್ ಕಟ್ಟಿ. ಸ್ಪಿಟ್‌ಫೈರ್ ಎಲ್ಲೂ ಓಡಿಹೋಗಲ್ಲ.

ಪ್ಲಾನ್ ಪಿಡಿಎಫ್ ಸಿಕ್ತು. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ರೆ ಆಯ್ತಲ್ವಾ?

ಕಟ್ಟಡದ ನಕ್ಷೆ ಪ್ರಿಂಟ್ ಮಾಡುವ ಅಂಗಡಿಗೆ ಹೋಗಿ, ಅಲ್ಲಿ ಎ0 ಹಾಳೆಯ ಯಂತ್ರ ಇರುತ್ತದೆ. 'ಹಾಳೆಗೆ ಹೊಂದಿಸು' ಅನ್ನುವ ಆಯ್ಕೆ ತೆಗೆದು, ನೂರಕ್ಕೆ ನೂರು ಅಳತೆಯಲ್ಲೇ ಪ್ರಿಂಟ್ ಮಾಡಲು ಹೇಳಿ. ಕೈಗೆ ಬಂದ ತಕ್ಷಣ, ಅಂಗಡಿಯಲ್ಲೇ ನಿಂತು, ಉಕ್ಕಿನ ಸ್ಕೇಲ್‌ನಿಂದ ಅಳೆದು ನೋಡಿ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಹಳೆಯ ಪ್ಲಾನ್‌ಗಳನ್ನು ಸ್ಕ್ಯಾನ್ ಮಾಡುವಾಗ ಒಂದು ದಿಕ್ಕಿನಲ್ಲಿ ಮಾತ್ರ ಎಳೆದಂತೆ ಆಗಿರುವುದುಂಟು. ರೆಕ್ಕೆಯಲ್ಲಿ ನಾಲ್ಕು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ವಿಮಾನ ಹಾರುತ್ತದೆ. ಆದರೆ ಎಂಜಿನ್ ಮೌಂಟ್‌ನ ಜಾಗದಲ್ಲಿ ಹಾಗಾದರೆ ಬೋಲ್ಟ್ ಕೂರುವುದಿಲ್ಲ.

ಎಫ್1, ಎಫ್2, ಡಬ್ಲ್ಯು3 ಅಂತೆಲ್ಲ ಬರೆದಿದೆ. ಏನೂ ಅರ್ಥ ಆಗ್ತಿಲ್ಲ.

ಸಾಮಾನ್ಯವಾಗಿ ಎಫ್ ಅಂದರೆ ದೇಹದ ಅಡ್ಡಗೋಡೆಗಳು, ಅಂದರೆ ಫಾರ್ಮರ್‌ಗಳು. ಮೂಗಿನಿಂದ ಬಾಲದ ಕಡೆಗೆ ಎಣಿಸುತ್ತಾರೆ. ಎಂಜಿನ್ ಕೂರುವ ಎಫ್1ಗೆ ಫೈರ್‌ವಾಲ್ ಅನ್ನುತ್ತಾರೆ. ಡಬ್ಲ್ಯು ಅಥವಾ ಆರ್ ಅಂದರೆ ರೆಕ್ಕೆಯ ರಿಬ್‌ಗಳು. ಚುಕ್ಕಿಗೆರೆ ಇದ್ದರೆ ಆ ಭಾಗ ಬೇರೆ ಭಾಗದ ಹಿಂದಿದೆ ಎಂದರ್ಥ. ಬಾಣದ ಗುರುತು ಇದ್ದರೆ ಮರದ ಎಳೆ ಆ ದಿಕ್ಕಿಗೇ ಇರಬೇಕು. ಹೊಸಬರು ಈ ಬಾಣವನ್ನು ಗಮನಿಸುವುದೇ ಇಲ್ಲ. ಎಳೆ ಅಡ್ಡಕ್ಕೆ ಹೋದ ರಿಬ್ ಕೈಯಲ್ಲೇ ಲಟಕ್ ಅನ್ನುತ್ತದೆ. ಕತ್ತರಿಸುವ ಮುನ್ನ ಪ್ಲಾನ್ ಗೋಡೆಗೆ ಅಂಟಿಸಿ, ಕಟ್ಟುವ ಕ್ರಮವನ್ನು ಬಾಯಲ್ಲಿ ಹೇಳಿಕೊಳ್ಳಿ. ಎಲ್ಲಿ ತಡವರಿಸುತ್ತೀರೋ ಆ ಭಾಗ ನಿಮಗೆ ಇನ್ನೂ ಅರ್ಥವಾಗಿಲ್ಲ.

ಬಾಲ್ಸಾ ದುಬಾರಿ. ಸನ್‌ಬೋರ್ಡ್ ಅಥವಾ ಕೋರೋ ಶೀಟ್ ಆಗಲ್ವಾ?

ಬಾಲ್ಸಾ ತುಂಬಾ ಹಗುರವಾದ ಮರ; ಸನ್‌ಬೋರ್ಡ್, ಕೋರೋ ಪ್ಲಾಸ್ಟಿಕ್ ಹಾಳೆಗಳು. ಈ ಹಾಳೆಗಳಿಗೆಂದೇ ಬರೆದ ಪ್ಲಾನ್ ಆದರೆ ಧಾರಾಳವಾಗಿ ಆಗುತ್ತದೆ. ಬಾಲ್ಸಾ ಪ್ಲಾನ್ ಹಿಡಿದುಕೊಂಡು ಸುಮ್ನೆ ವಸ್ತು ಬದಲಾಯಿಸಿದರೆ ತೂಕ ಏರುತ್ತದೆ, ಬಿಗಿ ಇರುವುದಿಲ್ಲ. ದುಡ್ಡು ಉಳಿಸಲೇಬೇಕೆಂದರೆ ರಿಬ್, ಬಾಲ, ದೇಹದ ಹಿಂಭಾಗಕ್ಕೆ ಬಾಲ್ಸಾ ಇಡಿ. ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗೆ, ಅಂದರೆ ಸ್ಪಾರ್‌ಗೆ ಗಂಟಿಲ್ಲದ ಪೈನ್ ಪಟ್ಟಿ ಹಾಕಿ. ಫೈರ್‌ವಾಲ್‌ಗೆ ಮಾತ್ರ ಒಳ್ಳೆಯ ಬರ್ಚ್ ಪ್ಲೈವುಡ್ ಬೇಕು. ಪೀಠೋಪಕರಣದ ಪ್ಲೈ ಎಂಜಿನ್ ನಡುಕಕ್ಕೆ ಪದರ ಬಿಡುತ್ತದೆ.

## ಕಟ್ಟುವಾಗ

ಬಾಲ್ಸಾ ಹಾಳೆ ಎಲ್ಲಾ ಒಂದೇ ಅಲ್ವಾ?

ಅಲ್ಲವೇ ಅಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ನೋಡಿ. 915 ಮಿಮೀ ಉದ್ದ, 100 ಮಿಮೀ ಅಗಲ, 2.4 ಮಿಮೀ ದಪ್ಪದ ಎರಡು ಹಾಳೆ ತಗೊಳ್ಳಿ. ನೋಡಲು ಎರಡೂ ಒಂದೇ. ಹಗುರವಾದದ್ದು 26 ಗ್ರಾಂ ತೂಗಬಹುದು, ಗಟ್ಟಿಯಾದದ್ದು 44 ಗ್ರಾಂ. ಇಂಥ ಹತ್ತು ಹಾಳೆ ಹಾಕುವ ವಿಮಾನದಲ್ಲಿ ವ್ಯತ್ಯಾಸ 180 ಗ್ರಾಂ ಆಯಿತು. ಅದು ಒಂದು ಸಾಧಾರಣ ಬ್ಯಾಟರಿಯ ತೂಕ. ಅದಕ್ಕೇ ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ತೂಕ ಬರೆದಿಡಿ. ಹಗುರವಾದದ್ದು ಬಾಲಕ್ಕೆ, ಗಟ್ಟಿಯಾದದ್ದು ಸ್ಪಾರ್ ಮತ್ತು ಮೂಗಿನ ಕಡೆಗೆ.

ತೂಕದಷ್ಟೇ ಮುಖ್ಯ ಎಳೆ. ಹಾಳೆಯ ಮೈಮೇಲೆ ಮೀನಿನ ಹುರುಪೆಯಂತೆ ಮಿಂಚುವ ಚುಕ್ಕೆಗಳಿದ್ದರೆ ಅದು ಸಿ ಎಳೆ. ಅಗಲಕ್ಕೆ ಬಾಗಲ್ಲ, ರಿಬ್‌ಗೆ ಹೇಳಿ ಮಾಡಿಸಿದ್ದು. ಉದ್ದುದ್ದ ಗೆರೆಗಳಿರುವ ಎ ಎಳೆ ಸುಲಭವಾಗಿ ಸುರುಳಿಯಾಗುತ್ತದೆ, ರೆಕ್ಕೆಯ ಮುಂಚೂಣಿಗೆ ಹೊದಿಸಲು ಅದೇ ಬೇಕು. ಅಂಗಡಿಯವರು ಆರಿಸಲು ಬಿಟ್ಟರೆ ಸಂಕೋಚ ಬೇಡ, ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿ.

ಫೆವಿಕಾಲ್ ಹಾಕಬಹುದಾ, ಇಲ್ಲಾ ಸೂಪರ್ ಗ್ಲೂನೇ ಬೇಕಾ?

ಬಿಳಿ ಅಂಟು ತುಂಬಾ ಒಳ್ಳೆಯದು. ನಿಧಾನ, ಅಷ್ಟೇ. ಪ್ಲಾನ್ ಮೇಲೆ ಪಿನ್ ಚುಚ್ಚಿ ಕಟ್ಟುವಾಗ ಆ ನಿಧಾನವೇ ಅನುಕೂಲ, ಸರಿಪಡಿಸಲು ಸಮಯ ಸಿಗುತ್ತದೆ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ಆದರೆ ಅದರ ಹೊಗೆ ಕಣ್ಣು ಮೂಗಿಗೆ ಉರಿ. ಕಿಟಕಿ ತೆರೆದಿಡಿ. ಫೈರ್‌ವಾಲ್, ಲ್ಯಾಂಡಿಂಗ್ ಗೇರ್, ರೆಕ್ಕೆಯ ಎರಡು ಅರ್ಧ ಸೇರುವ ಜಾಗ, ಈ ಮೂರಕ್ಕೂ 30 ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟೇ ಬೇಕು. ಇಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಮಳೆಗಾಲ ಮುಗಿದ ಮೇಲೆ ನೋಡಿದ್ರೆ ರೆಕ್ಕೆ ತಿರುಚಿಕೊಂಡಿದೆ. ಎಸೆಯಬೇಕಾ?

ಬೇಡ. ಫಿಲ್ಮ್ ಹೊದಿಕೆಯಾದರೆ ಒಬ್ಬರು ರೆಕ್ಕೆಯನ್ನು ವಿರುದ್ಧ ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿದಿರಲಿ. ಇನ್ನೊಬ್ಬರು ಮೇಲೂ ಕೆಳಗೂ ಇಸ್ತ್ರಿ ಆಡಿಸಲಿ. ತಣ್ಣಗಾಗುವವರೆಗೆ ಬಿಡಬೇಡಿ. ಎರಡು ತುದಿಯೂ ಹಿಂಚೂಣಿಯಲ್ಲಿ ಸಮನಾಗಿ ಒಂದೆರಡು ಡಿಗ್ರಿ ಮೇಲಕ್ಕಿದ್ದರೆ ಮುಟ್ಟಬೇಡಿ. ಬಹುಪಾಲು ಪ್ಲಾನ್‌ಗಳಲ್ಲಿ ಅದು ಬೇಕೆಂದೇ ಇಟ್ಟ ವಾಶ್‌ಔಟ್, ವೇಗ ಇಳಿದಾಗ ರೆಕ್ಕೆ ತುದಿ ಮೊದಲು ಸ್ಟಾಲ್ ಆಗದಂತೆ (ಎತ್ತುವ ಬಲ ಕಳೆದುಕೊಳ್ಳದಂತೆ) ಕಾಯುತ್ತದೆ. ಒಂದು ತುದಿಯಲ್ಲಿ ಮಾತ್ರ ತಿರುಚು ಇದ್ದರೆ ಅದು ದೋಷ.

## ಎಂಜಿನ್ ಮತ್ತು ಮೋಟಾರ್

ಎಂಜಿನ್ ಮೇಲೆ 40, 46, 61 ಅಂತ ಇರುತ್ತಲ್ಲ, ಏನದು?

ಘನ ಅಂಗುಲದ ನೂರನೇ ಭಾಗದ ಲೆಕ್ಕ. 40 ಅಂದರೆ 0.40 ಘನ ಅಂಗುಲ, ಸುಮಾರು 6.5 ಸಿಸಿ. 25 ಅಂದರೆ 4 ಸಿಸಿ, 46 ಅಂದರೆ 7.5 ಸಿಸಿ, 61 ಅಂದರೆ 10 ಸಿಸಿ. ಹಳೆಯ ಪ್ಲಾನ್‌ಗಳಲ್ಲಿ '40 ಸೈಜ್ ಟ್ರೈನರ್' ಅಂತ ಇದ್ದರೆ 1.5 ಮೀಟರ್ ರೆಕ್ಕೆಯ, ಎರಡು ಎರಡೂವರೆ ಕಿಲೋ ತೂಗುವ ವಿಮಾನ ಎಂದುಕೊಳ್ಳಿ.

ಗ್ಲೋ ಎಂಜಿನ್ ತಗೊಳ್ಳಲಾ, ಎಲೆಕ್ಟ್ರಿಕ್ ತಗೊಳ್ಳಲಾ?

ಗ್ಲೋ ಅಂದರೆ ಕಾದ ತಂತಿಯ ಪ್ಲಗ್ ಇರುವ, ಮೆಥನಾಲ್ ಇಂಧನದಿಂದ ಓಡುವ ಎಂಜಿನ್. ಒಬ್ಬರೇ ಕಲಿಯುತ್ತಿದ್ದರೆ, ಊರಲ್ಲಿ ಇಂಧನ ಸಿಗದಿದ್ದರೆ, ಮೈದಾನದ ಪಕ್ಕ ಮನೆಗಳಿದ್ದರೆ ಎಲೆಕ್ಟ್ರಿಕ್ ತಗೊಳ್ಳಿ. ಎಂಜಿನ್ ಪಳಗಿಸಿದ ಅನುಭವಿ ಒಬ್ಬರು ಜತೆಗಿದ್ದು, ಊರಿನಿಂದ ದೂರದ ಬಯಲು ಇದ್ದರೆ ಗ್ಲೋ ತಗೊಳ್ಳಿ. ನನಗೆ ಗ್ಲೋ ಎಂಜಿನ್ ಮೇಲೆ ಪ್ರೀತಿ ಜಾಸ್ತಿ. ಕಾದ ಎಣ್ಣೆಯ ವಾಸನೆ, ಇಂಧನದ ಹರಿವು ಹೊಂದಿಸುವ ನೀಡಲ್ ತಿರುಗಿಸಿದಂತೆ ಬದಲಾಗುವ ದನಿ, ಇವನ್ನು ಮೋಟಾರ್ ಕೊಡಲ್ಲ. ಆದರೂ ಹೊಸಬರಿಗೆ ಇವತ್ತು ನಾನು ಹೇಳುವುದು ಎಲೆಕ್ಟ್ರಿಕ್ ಎಂದೇ. ಹಾರಲು ಕಲಿಯುವ ದಿನಗಳಲ್ಲಿ ಎಂಜಿನ್ ಗಾಳಿಯಲ್ಲಿ ನಿಂತುಹೋಗುವ ಚಿಂತೆ ಇರಬಾರದು.

ನನ್ನ ಹತ್ರ 61 ಎಂಜಿನ್ ಸುಮ್ನೆ ಬಿದ್ದಿದೆ. 40ರ ಪ್ಲಾನ್‌ಗೆ ಹಾಕ್ಬಹುದಾ?

ಈ ಪ್ರಶ್ನೆ ಬರುವಷ್ಟು ಸಲ ಬೇರೆ ಯಾವುದೂ ಬರುವುದಿಲ್ಲ. ಉತ್ತರ: ಬೇಡ. ವಿಮಾನ ಮೊದಲು, ಎಂಜಿನ್ ಆಮೇಲೆ. 61 ಎಂಜಿನ್ ಸೈಲೆನ್ಸರ್ ಸೇರಿ 40ಕ್ಕಿಂತ ಇನ್ನೂರು ಗ್ರಾಂ ಆಸುಪಾಸು ಹೆಚ್ಚು ತೂಗುತ್ತದೆ, ಅದೂ ಮೂಗಿನ ತುದಿಯಲ್ಲೇ. ಸರಿತೂಗಿಸಲು ಬಾಲಕ್ಕೆ ಸೀಸ. ಎರಡನ್ನೂ ಹೊರಲು ರೆಕ್ಕೆ ಜಾಸ್ತಿ ವೇಗದಲ್ಲಿ ಹಾರಬೇಕು, ಇಳಿಯುವಾಗಲೂ ಜೋರಾಗಿಯೇ ಇಳಿಯಬೇಕು. ದೊಡ್ಡ ಪ್ರೊಪೆಲರ್ ನೆಲಕ್ಕೆ ತಾಗುತ್ತದೆ, ಟ್ಯಾಂಕ್ ಹಿಡಿಸಲ್ಲ. ಪ್ಲಾನ್ ಬರೆದವರು '35ರಿಂದ 45' ಅಂತ ಕೊಟ್ಟಿದ್ದರೆ ನಡುವಿನದನ್ನು ಹಾಕಿ, ಉಳಿದ ಆಸೆಯನ್ನು ವಿಮಾನ ಹಗುರ ಮಾಡುವುದರಲ್ಲಿ ತೀರಿಸಿಕೊಳ್ಳಿ. 61ಕ್ಕೆ ತಕ್ಕ ಪ್ಲಾನ್ ಹುಡುಕಿ, ಅದನ್ನು ಮುಂದೆ ಕಟ್ಟಬಹುದು.

ಎಲೆಕ್ಟ್ರಿಕ್ ಮೋಟಾರ್ ಲೆಕ್ಕ ಒಂದ್ಸಲ ಬಿಡಿಸಿ ಹೇಳಿ.

ಎರಡೂವರೆ ಕಿಲೋ ಟ್ರೈನರ್ ಇಟ್ಟುಕೊಳ್ಳೋಣ. ಬ್ಯಾಟರಿ ಸೇರಿದ ತೂಕ ಅದು. ಟ್ರೈನರ್‌ಗೆ ಕಿಲೋಗೆ 200ರಿಂದ 220 ವಾಟ್ ಇದ್ದರೆ ಹಿತವಾಗಿ ಹಾರುತ್ತದೆ. ಅಂದರೆ 500ರಿಂದ 550 ವಾಟ್. ನಾಲ್ಕು ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹೆಸರಿಗೆ 14.8 ವೋಲ್ಟ್, ಭಾರ ಬಿದ್ದಾಗ 14ರ ಹತ್ತಿರ ಇಳಿಯುತ್ತದೆ. 550 ಅನ್ನು 14ರಿಂದ ಭಾಗಿಸಿ: 39 ಆಂಪ್. ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿ 60 ಆಂಪ್‌ನದ್ದು ಹಾಕಿ, ಗಾಬರಿಯಿಲ್ಲ. 12x6 ಪ್ರಾಪ್ (12 ಅಂಗುಲ ವ್ಯಾಸದ, ಸುತ್ತಿಗೆ 6 ಅಂಗುಲ ಮುಂದೊತ್ತುವ ಪ್ರೊಪೆಲರ್) ಇಷ್ಟು ವಾಟ್ ಎಳೆಯಬೇಕಾದರೆ ನಿಮಿಷಕ್ಕೆ ಸುಮಾರು 9,300 ಸುತ್ತು ಬೇಕು. ಭಾರದಲ್ಲಿ ಮೋಟಾರ್ ತನ್ನ ಖಾಲಿ ವೇಗದ ಮುಕ್ಕಾಲು ಪಾಲು ಸ್ವಲ್ಪ ಮೀರಿ ತಿರುಗುತ್ತದೆ. ಹಾಗಾಗಿ 850 ಕೆವಿ (ಭಾರವಿಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ 850 ಸುತ್ತು) ಆಸುಪಾಸಿನ ಮೋಟಾರ್ ಹುಡುಕಿ. 4000 ಎಂಎಎಚ್ ಬ್ಯಾಟರಿಯಲ್ಲಿ ಶೇ 80 ಮಾತ್ರ ಬಳಸಿ, ಸರಾಸರಿ 20 ಆಂಪ್ ಎಳೆದರೆ ಒಂಬತ್ತು ನಿಮಿಷ ಹಾರಬಹುದು.

ಇದು ಕಾಗದದ ಲೆಕ್ಕ. ಪ್ರಾಪ್ ಹಾಕಿ, ವಿಮಾನ ಗಟ್ಟಿಯಾಗಿ ಹಿಡಿದು, ವಾಟ್ ಮೀಟರ್‌ನಲ್ಲಿ ಅಳೆಯದೆ ಹಾರಿಸಬೇಡಿ. ಆಂಪ್ ಜಾಸ್ತಿ ಬಂದರೆ ಪ್ರಾಪ್ ಒಂದು ಅಂಗುಲ ಚಿಕ್ಕದು ಮಾಡಿ. ಹಾರಿಸದ ದಿನಗಳಲ್ಲಿ ಲಿಪೊ ಸೆಲ್ ಒಂದಕ್ಕೆ 3.8 ವೋಲ್ಟ್‌ನಲ್ಲಿಡಿ.

ಬೆಂಗಳೂರಲ್ಲಿ ಚೆನ್ನಾಗಿ ಓಡ್ತಿದ್ದ ಎಂಜಿನ್ ಮಂಗಳೂರಲ್ಲಿ ಬಿಸಿಯಾಗಿ ನಿಲ್ಲುತ್ತೆ. ಯಾಕೆ?

ಎಂಜಿನ್ ಕೆಟ್ಟಿಲ್ಲ, ಗಾಳಿ ಬದಲಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 8ರಿಂದ 9ರಷ್ಟು ತೆಳು. ಆ ತೆಳು ಗಾಳಿಗೆ ತಕ್ಕಂತೆ ನೀವು ನೀಡಲ್ ಬಿಗಿ ಮಾಡಿದ್ದೀರಿ. ಘಾಟಿ ಇಳಿದಾಗ ಗಾಳಿ ಜಾಸ್ತಿ ಬಂತು, ಇಂಧನ ಅಷ್ಟೇ ಉಳಿಯಿತು. ಮಿಶ್ರಣ ಲೀನ್ ಆಯಿತು. ಈ ಎಂಜಿನ್‌ಗೆ ಎಣ್ಣೆ ಸಿಗುವುದೇ ಇಂಧನದ ಜತೆ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ತಂಪೂ ಕಡಿಮೆ.

ಕರಾವಳಿಗೆ ಹೋದ ತಕ್ಷಣ, ಸ್ಟಾರ್ಟ್ ಮಾಡುವ ಮೊದಲೇ, ನೀಡಲ್ ಕಾಲು ಸುತ್ತು ಸಡಿಲಿಸಿ. ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಒಂದೊಂದೇ ಕ್ಲಿಕ್ ಬಿಗಿ ಮಾಡುತ್ತಾ ಹೋಗಿ. ದನಿ ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ವಾಪಸ್ ಬಂದು, ದನಿ ಸ್ವಲ್ಪ ಇಳಿದದ್ದು ಕಿವಿಗೆ ತಿಳಿಯುವಷ್ಟು ರಿಚ್ ಮಾಡಿ (ಇಂಧನ ಜಾಸ್ತಿ ಬಿಡಿ). ಈಗ ವಿಮಾನದ ಮೂಗು ನೇರ ಆಕಾಶಕ್ಕೆ ಎತ್ತಿ ಹಿಡಿಯಿರಿ. ದನಿ ಏರಬಹುದು, ಕುಸಿಯಬಾರದು. ಕುಸಿದರೆ ಇನ್ನೂ ಎರಡು ಕ್ಲಿಕ್ ಸಡಿಲಿಸಿ. ಘಾಟಿ ಹತ್ತುವವರಿಗೆ ಇದೇ ಉಲ್ಟಾ: ಎಂಜಿನ್ ರಿಚ್ ಆಗಿ ಮಂಕಾಗುತ್ತದೆ, ಅಪಾಯವೇನಿಲ್ಲ. ಎಲೆಕ್ಟ್ರಿಕ್‌ನವರಿಗೂ ಇದು ತಟ್ಟುತ್ತದೆ. ದಟ್ಟ ಗಾಳಿಯಲ್ಲಿ ಅದೇ ಪ್ರಾಪ್ ಸ್ವಲ್ಪ ಜಾಸ್ತಿ ಆಂಪ್ ಎಳೆಯುತ್ತದೆ.

ಹರಳೆಣ್ಣೆ ಅಂಗಡಿಯಲ್ಲೇ ಸಿಗುತ್ತೆ. ಇಂಧನ ಮನೆಯಲ್ಲೇ ಬೆರೆಸಬಹುದಾ?

ಹರಳೆಣ್ಣೆ ನಿಜಕ್ಕೂ ಬೇಕು, ಎಂಜಿನ್ ಎಷ್ಟೇ ಕಾದರೂ ಪದರ ಬಿಡದೆ ಕಾಪಾಡುವ ಎಣ್ಣೆ ಅದು. ನೂರಕ್ಕೆ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ: ನೈಟ್ರೊ (ಬಲ ಹೆಚ್ಚಿಸುವ ನೈಟ್ರೊಮೀಥೇನ್) ಇಲ್ಲದ ಈ ಮಿಶ್ರಣ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವುದೇ. ತೊಂದರೆ ಇರುವುದು ಮೆಥನಾಲ್‌ನಲ್ಲಿ. ಅದು ವಿಷ. ಚರ್ಮದ ಮೂಲಕವೂ ಒಳಹೋಗುತ್ತದೆ, ಕಣ್ಣು ಕಳೆಯುತ್ತದೆ. ಅದರ ಬೆಂಕಿ ಬಿಸಿಲಲ್ಲಿ ಕಾಣುವುದೇ ಇಲ್ಲ. ಹೊಸಬರು, ಮಕ್ಕಳಿರುವ ಮನೆಯವರು ಬೆರೆಸುವ ಗೋಜಿಗೆ ಹೋಗಬೇಡಿ. ಶೇ 5 ಅಥವಾ 10 ನೈಟ್ರೊ ಇರುವ ಡಬ್ಬಿ ಇಂಧನ ಕೊಳ್ಳಿ. ಮುಚ್ಚಳ ಬಿಗಿಯಾಗಿರಲಿ, ಮೆಥನಾಲ್ ಗಾಳಿಯ ತೇವ ಹೀರುತ್ತದೆ.

ಹೊಸ ಎಂಜಿನ್‌ನ ಪ್ರೊಪೆಲರ್ ಕೈಯಲ್ಲಿ ತಿರುಗಿಸಿದ್ರೆ ಮೇಲೆ ಬಂದು ಸಿಕ್ಕಿಕೊಳ್ಳುತ್ತೆ. ವಾಪಸ್ ಮಾಡಲಾ?

ಮಾಡಬೇಡಿ, ಅದು ಒಳ್ಳೆಯ ಲಕ್ಷಣ. ನಿಮ್ಮದು ಎಬಿಸಿ ಎಂಜಿನ್ ಇರಬೇಕು. ಎಬಿಸಿ ಅಂದರೆ ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಸಿಲಿಂಡರ್, ಒಳಗೆ ಕ್ರೋಮ್. ಸಿಲಿಂಡರ್ ಮೇಲಕ್ಕೆ ಹೋದಂತೆ ಕಿರಿದು. ಬಿಸಿಯಾದಾಗ ಹಿಗ್ಗಿ ಸರಿಯಾಗುತ್ತದೆ. ಹಾಗಾಗಿ ಇದನ್ನು ತೀರಾ ರಿಚ್ ಮಾಡಿ ತಣ್ಣಗೆ ಓಡಿಸಿ ಪಳಗಿಸಬಾರದು. ರಿಚ್ ಇರಲಿ, ಆದರೆ ಕಾಯುವಷ್ಟು ವೇಗವೂ ಇರಲಿ. ಎರಡು ಮೂರು ನಿಮಿಷ ಓಡಿಸಿ, ಪೂರ್ತಿ ಆರಲು ಬಿಡಿ, ಮತ್ತೆ ಓಡಿಸಿ. ರಿಂಗ್ ಇರುವ ಎಂಜಿನ್ ಆದರೆ ಹೆಚ್ಚು ಹೊತ್ತು, ಹೆಚ್ಚು ರಿಚ್.

ಹಳೇ ಪೆಟ್ಟಿಗೆಯಲ್ಲಿ ಒಂದು ಎಂಜಿನ್ ಸಿಕ್ತು. ಪ್ಲಗ್ ಹಾಕೋ ಜಾಗಾನೇ ಇಲ್ಲ, ತಲೆ ಮೇಲೆ ಒಂದು ಸ್ಕ್ರೂ ಇದೆ.

ಅದು ಮಾಡೆಲ್ ಡೀಸೆಲ್. ಆ ಸ್ಕ್ರೂ ಒಳಗಿನ ಎದುರು ಪಿಸ್ಟನ್ ಅನ್ನು ಒತ್ತಿ ಕಂಪ್ರೆಷನ್ ಏರಿಸುತ್ತದೆ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಹೆಚ್ಚುಕಮ್ಮಿ ಸಮಪಾಲು ಬೇಕು. ಪೆಟ್ರೋಲ್ ಬಂಕ್‌ನ ಡೀಸೆಲ್ ಹಾಕಬೇಡಿ. ಪ್ರೊಪೆಲರ್ ತಿರುಗದಷ್ಟು ಅಂಟಿಕೊಂಡಿದ್ದರೆ ಬಲ ಹಾಕಬೇಡಿ, ಒಣಗಿದ ಹರಳೆಣ್ಣೆ ಅದು. ಬಿಸಿ ಗಾಳಿ ತೋರಿಸಿ, ಹಗುರ ಎಣ್ಣೆ ಬಿಟ್ಟು ಕಾಯಿರಿ. ಇಂಥವು ಇವತ್ತು ಸುಲಭಕ್ಕೆ ಸಿಗಲ್ಲ, ಮಾರಬೇಡಿ.

## ಹಾರಿಸುವ ಮುನ್ನ

ಸಿಜಿ ಸ್ವಲ್ಪ ಹಿಂದೆ ಬಂದಿದೆ, ನಡೆಯುತ್ತಾ?

ನಡೆಯಲ್ಲ. ಸಿಜಿ, ಅಂದರೆ ವಿಮಾನ ಸಮತೂಗುವ ಬಿಂದು, ಸಾಮಾನ್ಯ ಟ್ರೈನರ್‌ಗೆ ಮುಂಚೂಣಿಯಿಂದ ರೆಕ್ಕೆಯ ಅಗಲದ ಶೇ 25ರಿಂದ 33ರೊಳಗೆ ಬರಬೇಕು. ಟೆಲಿಮಾಸ್ಟರ್‌ನಂಥ ವಿಮಾನಗಳ ಬಾಲವೂ ಭಾರ ಎತ್ತುವ ಆಕಾರದ್ದು, ಅವುಗಳಿಗೆ ಇನ್ನೂ ಹಿಂದಿರುತ್ತದೆ. ಆದ್ದರಿಂದ ಪ್ಲಾನ್‌ನ ಗುರುತೇ ಕೊನೆಯ ಮಾತು. ಮೂಗು ಭಾರವಾದ ವಿಮಾನ ಜಡವಾಗಿ ಹಾರುತ್ತದೆ, ಬಾಲ ಭಾರವಾದದ್ದು ಕೈಗೆ ಸಿಗುವುದೇ ಇಲ್ಲ. ಮೊದಲು ಬ್ಯಾಟರಿ ಮುಂದೆ ಸರಿಸಿ, ಸೀಸ ಕೊನೆಗೆ. ಬಾಲದಲ್ಲಿ ಹೆಚ್ಚಾದ ಒಂದು ಗ್ರಾಂಗೆ ಮೂಗಿನಲ್ಲಿ ಎರಡು ಮೂರು ಗ್ರಾಂ ಹಾಕಬೇಕಾಗುತ್ತದೆ.

ಪ್ಲಾನ್‌ನಲ್ಲಿ ಎಂಜಿನ್ ಸ್ವಲ್ಪ ಕೆಳಕ್ಕೆ, ಬಲಕ್ಕೆ ಓರೆಯಾಗಿದೆ. ತಪ್ಪಾಗಿ ಬರೆದಿದ್ದಾರಾ?

ಸರಿಯಾಗಿಯೇ ಬರೆದಿದ್ದಾರೆ. ಥ್ರಾಟಲ್ ಕೊಟ್ಟಾಗ ಮೂಗು ಮೇಲೇಳದಂತೆ ಎರಡು ಮೂರು ಡಿಗ್ರಿ ಕೆಳಕ್ಕೆ, ಎಡಕ್ಕೆ ಎಳೆಯದಂತೆ ಎರಡು ಡಿಗ್ರಿ ಬಲಕ್ಕೆ. ನೇರ ಮಾಡಬೇಡಿ.

ಎಲ್ಲಿ ಹಾರಿಸಬಹುದು? ಪರ್ಮಿಷನ್ ಬೇಕಾ?

2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳಲ್ಲಿ ಮಾಡೆಲ್ ವಿಮಾನಗಳಿಗೂ ಜಾಗವಿದೆ. 25 ಕಿಲೋ ಮೀರದ, ಕಲಿಕೆಗೋ ಹವ್ಯಾಸಕ್ಕೋ ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಕೊಡುವ ಒಪ್ಪಿಗೆ ಪತ್ರ) ಬೇಕಿಲ್ಲ. ಆದರೆ ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಎಂದು ನಕ್ಷೆಯಲ್ಲಿ ತೋರಿಸುವ ಕೆಂಪು, ಹಳದಿ, ಹಸಿರು ವಲಯಗಳು ಎಲ್ಲರಿಗೂ ಒಂದೇ. ಹಸಿರು ವಲಯದಲ್ಲಿ 400 ಅಡಿವರೆಗೆ ಅವಕಾಶ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ ಅದು 200 ಅಡಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಲ್ಲ ಸೇರಿ ನಗರದ ಬಹುಭಾಗ ಯಾವುದಾದರೊಂದು ವೃತ್ತದೊಳಗೇ ಬೀಳುತ್ತದೆ. ಪ್ರತಿ ಸಲ ನಕ್ಷೆ ನೋಡಿ, ಜಮೀನಿನವರನ್ನು ಕೇಳಿ.

## ಮುಂದಿನ ಹಂತ

ಹಳೇ ಗ್ಲೋ ಪ್ಲಾನನ್ನ ಎಲೆಕ್ಟ್ರಿಕ್‌ಗೆ ಬದಲಾಯಿಸೋದು ಹೇಗೆ?

ಎಂಜಿನ್‌ನ ನಡುಕ, ಇಂಧನದ ಎಣ್ಣೆ ಎರಡೂ ಇಲ್ಲದ್ದರಿಂದ ಮೂಗಿನ ಪ್ಲೈ ತೆಳು ಮಾಡಬಹುದು, ಫಾರ್ಮರ್‌ಗಳಿಗೆ ತೂತು ಹಾಕಬಹುದು. ಬ್ಯಾಟರಿಗೆ ಮೇಲಿನಿಂದ ಬಾಗಿಲು ಮಾಡಿ, ಪ್ರತಿ ಸಲ ರೆಕ್ಕೆ ಬಿಚ್ಚುವಂತಾಗಬಾರದು. ಗಾಳಿ ಒಳಬರುವ ತೂತಿಗಿಂತ ಹೊರಹೋಗುವ ತೂತು ದೊಡ್ಡದಿರಲಿ. ಮೋಟಾರ್ ಗಿಡ್ಡ. ಆದ್ದರಿಂದ ಫೈರ್‌ವಾಲ್ ಮುಂದೆ ಕಂಬ ಕೊಟ್ಟು, ಪ್ರೊಪೆಲರ್ ಮೊದಲಿದ್ದ ಜಾಗಕ್ಕೇ ಬರುವಂತೆ ನೋಡಿಕೊಳ್ಳಿ.

ಪ್ಲಾನನ್ನ ಒಂದೂವರೆ ಪಟ್ಟು ದೊಡ್ಡದು ಮಾಡಿದ್ರೆ ಎಂಜಿನ್ನೂ ಒಂದೂವರೆ ಪಟ್ಟಾ?

ಇಲ್ಲ. ರೆಕ್ಕೆಯ ವಿಸ್ತಾರ 2.25 ಪಟ್ಟಾಗುತ್ತದೆ. ಎಲ್ಲ ದಪ್ಪಗಳನ್ನೂ ಹಾಗೇ ಹಿಗ್ಗಿಸಿದರೆ ತೂಕ 3.4 ಪಟ್ಟು ಹತ್ತಿರ. 3 ಮಿಮೀ ರಿಬ್ ಅನ್ನು 4.5 ಮಾಡಬೇಕಿಲ್ಲ, 3 ಮಿಮೀ ಸಾಕು. ಬುಡದ ಸ್ಪಾರ್, ಲ್ಯಾಂಡಿಂಗ್ ಗೇರ್ ಮಾತ್ರ ಗಟ್ಟಿ ಮಾಡಿ. ಹೀಗೆ ಕಟ್ಟಿದ 40 ಟ್ರೈನರ್ ಆರೇಳು ಕಿಲೋ ಒಳಗೆ ನಿಲ್ಲುತ್ತದೆ, 20 ಸಿಸಿ ಪೆಟ್ರೋಲ್ ಎಂಜಿನ್‌ಗೆ ಒಳ್ಳೆಯ ಜೋಡಿ.

ನಮ್ಮ ಬೆಂಗಳೂರಿನ ವಿಮಾನದ ಸ್ಕೇಲ್ ಮಾಡೆಲ್ ಮಾಡ್ಬೇಕು. ಯಾವುದು, ಯಾವ ಎಂಜಿನ್?

ಎಚ್‌ಎಎಲ್ ಕಟ್ಟಿದ ಪುಷ್ಪಕ್ ತಗೊಳ್ಳಿ. 1958ರಲ್ಲಿ ಮೊದಲು ಹಾರಿದ, ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಕಲಿಸಿದ ವಿಮಾನ. ಮೇಲ್ರೆಕ್ಕೆ, ಸರಳ ಗೆರೆಗಳು. ಮೂಲ ವಿಮಾನದ ರೆಕ್ಕೆ ಸುಮಾರು 11 ಮೀಟರ್, ಆರರಲ್ಲೊಂದು ಅಳತೆಗೆ 1.83 ಮೀಟರ್. ಇದಕ್ಕೆ 70 ಸೈಜಿನ ಫೋರ್ ಸ್ಟ್ರೋಕ್ ಹಾಕಿ. ಅದೇ ಸಿಸಿಯ ಟು ಸ್ಟ್ರೋಕ್‌ಗಿಂತ ಬಲ ಕಡಿಮೆ, ಆದರೆ ದೊಡ್ಡ ಪ್ರಾಪ್ ನಿಧಾನವಾಗಿ ತಿರುಗಿಸುತ್ತದೆ, ದನಿಯೂ ನಿಜದ ವಿಮಾನಕ್ಕೆ ಹತ್ತಿರ. ಎಚ್‌ಎಎಲ್‌ನದೇ 1951ರ ಎಚ್‌ಟಿ-2 ವಿಮಾನ ಇನ್ನೂ ಚೆಂದ, ಅದರ ಉದ್ದ ಮೂಗಿನಿಂದ ಸಿಜಿ ಸುಲಭಕ್ಕೆ ಸಿಗುತ್ತದೆ. ಆದರೆ ಅದು ಕೆಳರೆಕ್ಕೆಯ ವಿಮಾನ. ಪುಷ್ಪಕ್ ಹಾರಿಸಿ ಕೈ ಕುದುರಿದ ಮೇಲೆ ಅದಕ್ಕೆ ಕೈ ಹಾಕಿ.